ನಾಲ್ಕು ಬೊಗಸೆ

ಬೋಲ್ಟನ್ನಿನ ನಮ್ಮ ಮಸೀದಿಯ ಬಾಗಿಲಿಗೆ
ಚೀಟಿ ಅಂಟಿಸಿದ್ದರು:
ಫಿತ್ರಾ, ತಲೆಗೆ ಐದು ಪೌಂಡು.
ಓದಿ ಹೇಳಿದೆ. ಅತ್ತೆ ಬೀಫಾತುಮ್ಮ ಕೇಳಿದರು,
"ನೋಟು ಬೇಯಿಸಿ ಉಣ್ಣಲಾಗುತ್ತದೆಯೇ?
ನಾವು ಉಣ್ಣುವುದನ್ನೇ ಕೊಡಬೇಕು.
ಒಬ್ಬೊಬ್ಬರ ಹೆಸರಲ್ಲಿ ನಾಲ್ಕು ಬೊಗಸೆ."

ಜಕಾತಿನ ಲೆಕ್ಕ ಬೇರೆ, ಅದು ಇವರದು.
ಇಪ್ಪತ್ತೇಳನೆಯ ರಾತ್ರಿ ಅಡುಗೆಮನೆಯ ತಕ್ಕಡಿಗೆ
ಮೆತ್ತಿದ್ದ ಮೈದಾ ಒರೆಸಿ
ಕೂಡಿಟ್ಟ ಪವನುಗಳನ್ನು ತೂಗಿದರು.
ನಲವತ್ತರಲ್ಲಿ ಒಂದು ಪಾಲು
ನಮ್ಮದಲ್ಲವೇ ಅಲ್ಲವಂತೆ.
ಅಂದರೆ ಇಷ್ಟು ದಿನ
ನನ್ನ ಸೀರೆಗಳ ಅಡಿಯಲ್ಲಿ
ಯಾರದೋ ಚಿನ್ನ ನಿದ್ದೆ ಹೊಡೆಯುತ್ತಿತ್ತು.

ಚಂದ್ರ ಕಂಡ ಸುದ್ದಿ ಫೋನಿಗೆ ಬಂತು,
ಕಿಟಕಿಯಲ್ಲಿ ಬರೀ ಮೋಡ.
ನೆಲಕ್ಕೆ ಬೆಡ್‌ಶೀಟು ಹಾಸಿ ಅಕ್ಕಿ ಸುರಿದೆವು.
"ನನ್ನ ಬೊಗಸೆ ಸೋರುತ್ತದೆ ಮಗನೇ, ನೀನು ಅಳೆ,"
ಅಂದರು ಅತ್ತೆ, ಸೊಟ್ಟ ಬೆರಳುಗಳನ್ನು
ಸೆರಗಿನೊಳಗೆ ಎಳೆದುಕೊಂಡು.
ಹಗಲಿಡೀ ಬಸ್ಸಿನ ಚಕ್ರ ಹಿಡಿದ ಕೈಗಳು
ಗುಂಡಗೆ ಕೂಡಿಕೊಂಡವು.
ಅತ್ತೆಗೆ ನಾಲ್ಕು. ತನಗೆ ನಾಲ್ಕು. ನನಗೆ.
ರಾಫಿಯಾ ತನ್ನ ನಾಲ್ಕನ್ನು ತಾನೇ ಎಣಿಸಿದಳು.
ಕೊನೆಗೆ, ಹನ್ನೊಂದು ದಿನದ ಕೂಸಿಗೆ.
ಒಂದು ಹೊತ್ತೂ ಹಸಿದಿರಲು ಒಲ್ಲದ,
ಇನ್ನೂ ಅಕ್ಕಿಯ ರುಚಿಯನ್ನೇ ಅರಿಯದ ಜೀವ
ಆಗಲೇ ಕೊಡಬೇಕಾದವರ ಸಾಲಿನಲ್ಲಿ.

ಬೆಳಿಗ್ಗೆ ಓವನ್ನಿನ ಗಡಿಯಾರದಲ್ಲಿ ಆರು,
ಫೋನಿನಲ್ಲಿ ಏಳು.
ನಾನು ಕಣ್ಣುಜ್ಜಿದೆ. ಆಮೇಲೆ ನೆನಪಾಯಿತು,
ಈ ದೇಶ ವರ್ಷಕ್ಕೊಮ್ಮೆ
ಒಂದು ತಾಸು ನುಂಗುತ್ತದೆ,
ನುಂಗಿದ್ದು ಈ ಈದಿನ ರಾತ್ರಿಯೇ.
ಇವರು ಮೊದಲ ಬಸ್ಸಿಗೆ ಹೋಗಿಯಾಗಿತ್ತು.
ಎಂಟಕ್ಕೆ ನಮಾಜು.
"ಅದು ಮುಗಿದ ಮೇಲೆ ಕೊಟ್ಟರೆ ಬರೀ ದಾನ,"
ಅತ್ತೆ ಮಂಚದಿಂದಲೇ ಕೂಗಿದರು,
"ಸಾಲ ಹಾಗೇ ಉಳಿಯುತ್ತದೆ, ಓಡು!"

ಕೂಸಿನ ಗಾಡಿಯಲ್ಲಿ ಅಕ್ಕಿ ಮಲಗಿಸಿದೆ,
ಕೂಸನ್ನು ಹೆಗಲಿಗೆ ಹಾಕಿಕೊಂಡೆ.
ಹಳೆಯ ಗಿರಣಿಯ ಏರಿನಲ್ಲಿ ಚಕ್ರ ಕಿರುಗುಟ್ಟಿತು.
ನಾಯಿ ತಿರುಗಾಡಿಸುತ್ತಿದ್ದ ಮುದುಕಿ
ಗಾಡಿಯೊಳಗೆ ಬಗ್ಗಿ ನೋಡಿ
"ಎಷ್ಟು ಮುದ್ದಾಗಿದೆ" ಅನ್ನಲು ಬಾಯಿ ತೆರೆದವಳು
ಹಾಗೇ ಮುಚ್ಚಿಕೊಂಡಳು.

ನಲವತ್ತೊಂದನೆಯ ಮನೆ. ಸೂಡಾನಿನ ಇಖ್ಲಾಸ್.
ಇಬ್ಬರು ಗಂಡುಮಕ್ಕಳು, ಕೆಲಸಕ್ಕೆ ಅನುಮತಿ ಇಲ್ಲ,
ಕಾಗದ ಬರುವುದನ್ನೇ ಕಾಯುತ್ತಿರುವವಳು.
ಅವಳ ಹೊಸ್ತಿಲಿಗೆ ಈ ದಾರಿ ಮುಗಿಯಿತು
ಅಂದುಕೊಂಡೇ ಬಾಗಿಲು ಬಡಿದಿದ್ದೆ,
ನಿಜ ಹೇಳುತ್ತೇನೆ,
ಒಂದು ಕೃತಜ್ಞತೆಯ ಮಾತಿಗೂ
ಕಿವಿ ಸಿದ್ಧ ಮಾಡಿಕೊಂಡಿದ್ದೆ.

ಅವಳು ಚೀಲ ಒಳಗಿಟ್ಟಳು.
"ನಿಲ್ಲು, ಹೋಗಬೇಡ" ಅಂದು
ನಿನ್ನೆ ಸಂಜೆ ಯಾರೋ ಕೊಟ್ಟು ಹೋದ
ಚೀಲದ ಬಾಯಿ ಬಿಚ್ಚಿ
ಅಲ್ಲೇ ಮಂಡಿಯೂರಿದಳು.
ತನಗೆ ನಾಲ್ಕು ಬೊಗಸೆ. ದೊಡ್ಡವನಿಗೆ ನಾಲ್ಕು.
ಚಿಕ್ಕವನಿಗೆ ಅಳೆಯುವಾಗ ತನ್ನ ಕೈಗಳನ್ನೇ ನೋಡಿಕೊಂಡು
"ನನ್ನದು ಸಣ್ಣ ಬೊಗಸೆ" ಅಂದಳು,
ಒಬ್ಬೊಬ್ಬರಿಗೂ ಇನ್ನೊಂದೊಂದು ಸೇರಿಸಿದಳು.
"ಇವತ್ತಿಗೆ ಸಾಕಾಗಿ ಮಿಕ್ಕಿದೆ ನಮಗೆ.
ಕೊಡದಿದ್ದರೆ ಹೇಗೆ?
ಕೊನೆಯ ಮನೆಯ ಮಾಳಿಗೆಗೆ
ಒಬ್ಬ ಕುರ್ದಿ ಹುಡುಗ ಬಂದಿದ್ದಾನೆ,
ಒಂದು ಪಾತ್ರೆಯೂ ಇಲ್ಲ ಅವನಲ್ಲಿ.
ಗಾಡಿ ಕೊಡುತ್ತೀಯಾ?"

ಏಳೂವರೆ. ಅವಳು ತಳ್ಳಿದಳು,
ಮಕ್ಕಳು ಹೊಸ ಅಂಗಿಯ ಬೆಲೆಚೀಟಿ
ಕುತ್ತಿಗೆಯಲ್ಲಿ ನೇತಾಡಿಸಿಕೊಂಡು ಮುಂದೆ ಓಡಿದರು.
ಹಿಂದೆ ನಾನು, ಬರಿಗೈಯವಳು,
ಮಡಿಲಲ್ಲಿ ಕೂಸು ಅಷ್ಟೆ.
ಅವನೂ ಅಳೆಯುತ್ತಾನೋ ಏನೋ,
ಕೆಳಗಿನ ಬೀದಿಯಲ್ಲಿ ಇನ್ನಾರದೋ ಬಾಗಿಲಿಗೆ,
ಯಾರು ಬಲ್ಲರು.

ಓವನ್ನಿನ ಗಡಿಯಾರವನ್ನು ಇನ್ನೂ ತಿದ್ದಿಲ್ಲ.
ಗಾಡಿಯ ಮಡಿಕೆಗಳಲ್ಲಿ ಈಗಲೂ
ಒಂದೊಂದು ಅಕ್ಕಿಕಾಳು ಸಿಗುತ್ತದೆ.
ನಮ್ಮದೋ, ಅವಳದೋ,
ಗುರುತು ಹತ್ತುವುದಿಲ್ಲ.